ಹತ್ತುಮೀನು ಕಡಿಯುವುದು ಸರಿಯಾ? "ಒಂದು ಮೀನು ಲಕ್ಷ ಮೊಟ್ಟೆ ಇಡುತ್ತೆ" ಎನ್ನುವ ಲೆಕ್ಕದ ಬಗ್ಗೆ

ತುಂಗಾತೀರ, ತೀರ್ಥಹಳ್ಳಿ

ಮೃಗಶಿರಾ ಮಳೆ ಚೆನ್ನಾಗಿ ಹಿಡಿದಿದೆ. ಹಳ್ಳದ ಕೆಂಪು ನೀರು ಗದ್ದೆಗೆ ಏರಿದೆ. ಅದರ ಜೊತೆಗೇ ಹತ್ತುಮೀನು, ಅಂದರೆ ಮೊಟ್ಟೆ ಇಡಲು ಹೊಳೆಯಿಂದ ಹಳ್ಳ, ಗದ್ದೆಗೆ ಹತ್ತಿ ಬರುವ ಮೀನು. ಕತ್ತಲಾದರೆ ಸಾಕು, ಬಯಲಿನ ತುಂಬ ಹೆಡ್‌ಲೈಟ್ ಓಡಾಡುತ್ತವೆ. ಎಲ್ಲರ ಕೈಯಲ್ಲೂ ಕತ್ತಿ, ಹೆಗಲಲ್ಲಿ ಚೀಲ.

ನಾನೂ ಮೀನು ತಿನ್ನುವವನೇ. ಆದರೆ ಈ ಸಲ ಮನೆಗೆ ತಂದ ಮೀನು ಕೊಯ್ದರೆ ಒಂದೊಂದರ ಹೊಟ್ಟೆಯಲ್ಲೂ ಬರೀ ಮೊಟ್ಟೆ. ಮೊಟ್ಟೆ ಇಡಲೆಂದೇ ಹತ್ತಿ ಬಂದ ಮೀನನ್ನು ದಾರಿಯಲ್ಲೇ ಕಡಿದರೆ ಮುಂದಿನ ವರ್ಷಕ್ಕೆ ಏನು ಉಳಿಯುತ್ತೆ ಎಂದು ಚಿಕ್ಕಪ್ಪನನ್ನು ಕೇಳಿದೆ. "ಒಂದು ಮೀನು ಲಕ್ಷ ಮೊಟ್ಟೆ ಇಡುತ್ತೆ ಮಾರಾಯ, ನಾವು ನಾಲ್ಕು ಹಿಡಿದರೆ ಹೊಳೆ ಬರಿದಾಗುತ್ತಾ?" ಅಂದರು.

ಆ ಮಾತು ಒಪ್ಪಲು ಆಗುತ್ತಿಲ್ಲ. ಆದರೆ ಅದಕ್ಕೆ ಉತ್ತರ ಏನು? ಅಷ್ಟು ಮೊಟ್ಟೆ ಇಡುವ ಪ್ರಾಣಿಗೆ ನಮ್ಮ ಬೇಟೆ ನಿಜಕ್ಕೂ ಲೆಕ್ಕಕ್ಕೇ ಇಲ್ಲವಾ? ಜೀವಶಾಸ್ತ್ರ ಓದಿದವರು, ಹೊಳೆ ಬಲ್ಲವರು ಹೇಳಿ.

ಕೂಣಿ, ಹೊಸನಗರ

ನಿಮ್ಮ ಚಿಕ್ಕಪ್ಪ ಹೇಳಿದ್ದೇ ಸರಿ. ನಮ್ಮ ಅಜ್ಜ ಹತ್ತುಮೀನಿನ ದಾರಿಗೆ ಕೂಣಿ, ಅಂದರೆ ಮೀನು ಹಿಡಿಯುವ ಬುಟ್ಟಿ, ಇಡುತ್ತಿದ್ದರು, ಅಪ್ಪ ಇಟ್ಟರು, ನಾನೂ ಇಡುತ್ತೇನೆ. ಮೀನು ಈಗಲೂ ಹತ್ತುತ್ತಿವೆ. ವರ್ಷಕ್ಕೆ ನಾಲ್ಕು ದಿನದ ಸುಖ ಇದು. ಇದಕ್ಕೂ ಪಾಠ ಹೇಳಲು ಬರಬೇಡಿ.

ಸೊರಬದ ಸೊಪ್ಪು

ಹತ್ತುಮೀನು ಹಿಡಿಯಬೇಡಿ ಎಂದು ಮೀನುಗಾರಿಕೆ ಇಲಾಖೆ ಹೇಳುತ್ತಲೇ ಇರುತ್ತೆ. ಯಾರು ಕೇಳುತ್ತಾರೆ?

ಕಾಡುಮಲ್ಲಿಗೆ

ಚಿಕ್ಕಪ್ಪನ ಲೆಕ್ಕ ಅರ್ಧಕ್ಕೇ ನಿಂತಿದೆ. ಮೊಟ್ಟೆ ಎಷ್ಟು ಎಂದು ಎಲ್ಲರಿಗೂ ಗೊತ್ತು. ಅದರಲ್ಲಿ ಎಷ್ಟು ದೊಡ್ಡದಾಗುತ್ತವೆ ಎಂದು ಯಾರೂ ಕೇಳುವುದಿಲ್ಲ.

ಹೊಳೆಯಲ್ಲಿ ಒಂದು ಜಾತಿಯ ಮೀನಿನ ಸಂಖ್ಯೆ ಬಹಳ ವರ್ಷಗಳಿಂದ ಹೆಚ್ಚೂ ಕಡಿಮೆ ಅಷ್ಟೇ ಇದೆ ಎಂದುಕೊಳ್ಳಿ. ಹಾಗಿದ್ದರೆ ಒಂದು ಹೆಣ್ಣು ಜೀವಮಾನದಲ್ಲಿ ಇಟ್ಟ ಎಲ್ಲ ಮೊಟ್ಟೆಗಳಲ್ಲಿ ಸರಾಸರಿ ಎರಡು ಮಾತ್ರ ಬದುಕಿ ಬೆಳೆದು ತಾವೂ ಮರಿ ಮಾಡುವ ವಯಸ್ಸಿಗೆ ಬರುತ್ತವೆ. ಅಪ್ಪನ ಜಾಗಕ್ಕೆ ಒಂದು, ಅಮ್ಮನ ಜಾಗಕ್ಕೆ ಒಂದು. ಲಕ್ಷ ಇಟ್ಟರೂ ಎರಡೇ, ಇನ್ನೂರು ಇಟ್ಟರೂ ಎರಡೇ. ಸರಾಸರಿ ಮೂರು ಉಳಿದರೂ ಪ್ರತಿ ತಲೆಮಾರಿಗೆ ಸಂಖ್ಯೆ ಒಂದೂವರೆ ಪಟ್ಟು ಏರುತ್ತಾ ಹೋಗುತ್ತಿತ್ತು. ಹಾಗೆ ಆಗಿಲ್ಲ ಅಲ್ವಾ?

ಮಿಕ್ಕವೆಲ್ಲ ಎಲ್ಲಿ ಹೋದವು? ಮೊಟ್ಟೆಗೆ ಬೂಷ್ಟು ಹಿಡಿಯಿತು. ಗದ್ದೆ ನೀರು ಬತ್ತಿತು. ಬೇರೆ ಮೀನು ತಿಂದಿತು, ಕೊಕ್ಕರೆ ತಿಂದಿತು, ನೀರಹಾವು ತಿಂದಿತು. ಆ ಸಾವು ಅಷ್ಟು ಖಚಿತ ಇರುವುದರಿಂದಲೇ ಅಷ್ಟು ಮೊಟ್ಟೆ. ನೀವು ರಾತ್ರಿ ಕಡಿಯುವ ಮೀನು ಆ ಲಕ್ಷದಲ್ಲಿ ಒಂದಲ್ಲ. ಲಕ್ಷದಲ್ಲಿ ಉಳಿದ ಎರಡರಲ್ಲಿ ಒಂದು.

ತುಂಗಾತೀರ, ತೀರ್ಥಹಳ್ಳಿ

ಇದನ್ನು ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಚಿಕ್ಕಪ್ಪನಿಗೆ ಓದಿ ಹೇಳುತ್ತೇನೆ.

ಅಡಿಕೆಕೊನೆ, ಶೃಂಗೇರಿ

ಬಿತ್ತನೆಗೆ ಇಟ್ಟ ಭತ್ತವನ್ನೇ ಅಕ್ಕಿ ಮಾಡಿಸಿ ಉಂಡ ಹಾಗೆ ಇದು. ನಮ್ಮಲ್ಲಿ ಮಠದ ಮುಂದೆ ತುಂಗೆಯಲ್ಲಿ ಮೀನು ಹಿಡಿಯುವಂತಿಲ್ಲ. ಒಮ್ಮೆ ಬಂದು ನೋಡಿ, ಎಷ್ಟು ದೊಡ್ಡ ಮೀನುಗಳಿವೆ.

ಕೂಣಿ, ಹೊಸನಗರ

ಕಾಡುಮಲ್ಲಿಗೆಯವರೇ, ಲೆಕ್ಕ ಚೆನ್ನಾಗಿದೆ. ಆದರೆ ನಾವು ಹಿಡಿಯುವುದು ಜಾಸ್ತಿ ಬೆರಳುದ್ದದ ಮೀನು. ಅವು ಒಂದು ವರ್ಷಕ್ಕೇ ಮೊಟ್ಟೆಗೆ ಬರುತ್ತವೆ. ನಾವು ಬಿಟ್ಟರೂ ಬೇಸಿಗೆಯಲ್ಲಿ ಗುಂಡಿ ಬತ್ತಿ ಸಾಯುತ್ತವೆ. ನಿಮ್ಮ "ಉಳಿದ ಎರಡು" ಮಾತು ಎಲ್ಲ ಮೀನಿಗೂ ಒಂದೇ ತೂಕದ್ದಾ?

ಕಾಡುಮಲ್ಲಿಗೆ

ಒಳ್ಳೆ ಪ್ರಶ್ನೆ. ಒಂದೇ ತೂಕದ್ದಲ್ಲ.

ಬೇಗ ಬೆಳೆದು ಬೇಗ ಮೊಟ್ಟೆ ಇಟ್ಟು ಬೇಗ ಸಾಯುವ ಸಣ್ಣ ಮೀನು ನಮ್ಮ ಬೇಟೆಯನ್ನು ಸ್ವಲ್ಪ ತಡೆದುಕೊಳ್ಳುತ್ತೆ. ಒಂದೆರಡು ಒಳ್ಳೆ ಮಳೆಗಾಲ ಸಿಕ್ಕರೆ ಸಂಖ್ಯೆ ಮತ್ತೆ ಏರುತ್ತೆ. ಮಹಶೀರ್‌ನಂಥ ಮೀನು ಹಾಗಲ್ಲ. ದೊಡ್ಡದಾಗಲು ಹಲವು ವರ್ಷ ಬೇಕು. ಕಾಟ್ಲಾ, ರೋಹುಗಳ ಪಕ್ಕ ಇಟ್ಟು ನೋಡಿದರೆ ಮೈತೂಕಕ್ಕೆ ಇಡುವ ಮೊಟ್ಟೆಯೂ ಬಹಳ ಕಡಿಮೆ. ಆದರೆ ಒಂದೊಂದು ಮೊಟ್ಟೆ ದಪ್ಪ. ವರ್ಷ ವರ್ಷ ಮತ್ತೆ ಮತ್ತೆ ಮರಿ ಮಾಡುತ್ತಾ ದೀರ್ಘಕಾಲ ಬದುಕುವ ಲೆಕ್ಕಾಚಾರ ಅದರದು. ಅಂಥ ಮೀನಿನಲ್ಲಿ ದೊಡ್ಡವು ಹೋದರೆ ಚೇತರಿಸಿಕೊಳ್ಳಲು ತುಂಬ ಕಾಲ ಹಿಡಿಯುತ್ತೆ. ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆ ಮತ್ಸ್ಯಧಾಮದ ಮಹಶೀರ್ ಅಷ್ಟು ಗಾತ್ರಕ್ಕೆ ಬಂದಿರುವುದು ದೇವರ ಮೀನು ಎಂದು ಯಾರೂ ಮುಟ್ಟದೆ ಬಿಟ್ಟಿದ್ದರಿಂದ.

ಹಳೇ ಮೇಷ್ಟ್ರು, ಸಾಗರ

ಇದನ್ನೇ ನಾವು ಪಿಯುಸಿ ಮಕ್ಕಳಿಗೆ ಆರ್ ಮತ್ತು ಕೆ ಆಯ್ಕೆ ಎಂದು ಕಲಿಸುತ್ತಿದ್ದೆವು. ರಾಬರ್ಟ್ ಮ್ಯಾಕ್‌ಆರ್ಥರ್ ಮತ್ತು ಇ. ಒ. ವಿಲ್ಸನ್ 1967ರಲ್ಲಿ ಕೊಟ್ಟ ವಿಚಾರ. ಆರ್ ಕಡೆ ಇಲಿ, ಸೊಳ್ಳೆ, ಪಾರ್ಥೇನಿಯಂ. ಬೇಗ ಬೆಳೆ, ಜಾಸ್ತಿ ಹೆರು, ಬೇಗ ಸಾಯಿ. ಕೆ ಕಡೆ ಆನೆ, ತಿಮಿಂಗಿಲ, ಮನುಷ್ಯ. ನಿಧಾನ ಬೆಳೆ, ಒಂದೇ ಹೆರು, ಚೆನ್ನಾಗಿ ಸಾಕು.

ಸಕ್ರೆಬೈಲಿನ ಆನೆ ಬಿಡಾರಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗ ಮರಿಯಾನೆ ತೋರಿಸಿ ಹೇಳುತ್ತಿದ್ದೆ: ತಾಯಿ ಇದನ್ನು ಹೊಟ್ಟೆಯಲ್ಲಿ 22 ತಿಂಗಳು ಹೊತ್ತಿದ್ದಾಳೆ. ಮುಂದಿನ ಮರಿ ನಾಲ್ಕೈದು ವರ್ಷದ ಮೇಲೆ. ಅದೇ ಇಲಿಗೆ ಬಸಿರು ಮೂರು ವಾರ.

ಕಾಡುಮಲ್ಲಿಗೆ

ಮೇಷ್ಟ್ರೇ, ನಮಸ್ಕಾರ. ಆ ಎರಡು ಡಬ್ಬಿಗಳ ವಿಂಗಡಣೆಯನ್ನು ಈಗ ಸಂಶೋಧಕರು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ. 1970ರ ದಶಕದಲ್ಲೇ ಸ್ಟೀಫನ್ ಸ್ಟರ್ನ್ಸ್ ಮುಂತಾದವರು ಅದನ್ನು ಪ್ರಶ್ನಿಸಿದರು. ಎಷ್ಟೋ ಜೀವಿಗಳು ಎರಡರಲ್ಲೂ ಕೂರುವುದಿಲ್ಲ. ಹಲಸಿನ ಮರ ಬಹಳ ಕಾಲ ಬದುಕುತ್ತೆ, ಹಾಗೆಂದು ವರ್ಷಕ್ಕೆ ಒಂದೇ ಬೀಜ ಬಿಡುವುದಿಲ್ಲ. ಸಮುದ್ರದ ದೊಡ್ಡ ಮೀನುಗಳೂ ಹಾಗೇ. ದೀರ್ಘಾಯುಷ್ಯವೂ ಇದೆ, ಲಕ್ಷಾಂತರ ಮೊಟ್ಟೆಯೂ ಇದೆ.

ಈಗ ಕೇಳುವ ಪ್ರಶ್ನೆ ಬೇರೆ. ಯಾವ ವಯಸ್ಸಿನಲ್ಲಿ ಸಾವಿನ ಭಯ ಜಾಸ್ತಿ? ಮರಿಯಾಗಿದ್ದಾಗಲಾ, ದೊಡ್ಡದಾದ ಮೇಲಾ? ಮರಿಗಳು ಸಾಯುವುದು ಜಾಸ್ತಿ, ಆದರೆ ಒಮ್ಮೆ ದೊಡ್ಡದಾದರೆ ಬದುಕು ಭದ್ರ ಎಂದಿದ್ದರೆ ನಿಧಾನವಾಗಿ ಮತ್ತೆ ಮತ್ತೆ ಮರಿ ಮಾಡುವುದು ಲಾಭ. ದೊಡ್ಡದಾದ ಮೇಲೂ ಯಾವಾಗ ಬೇಕಾದರೂ ಸಾಯಬಹುದು ಎಂದಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ. ಬೇಗ, ಇದ್ದಷ್ಟನ್ನೂ ಸುರಿದುಬಿಡಬೇಕು.

ಹಳೇ ಮೇಷ್ಟ್ರು, ಸಾಗರ

ಮೊದಲ ಮೆಟ್ಟಿಲಾಗಿ ಅದು ಈಗಲೂ ಉಪಯೋಗಕ್ಕೆ ಬರುತ್ತೆ ಎಂಬುದು ನನ್ನ ಅಭಿಪ್ರಾಯ. ಎರಡು ತುದಿ ಗೊತ್ತಾದ ಮೇಲಲ್ಲವೇ ಮಗು ನಡುವಿನದನ್ನು ಕೇಳುವುದು.

ಕಪ್ಪೆಗೂಡು

ಮೀನು ಬಿಡಿ, ನಮ್ಮ ಕಪ್ಪೆಗಳನ್ನು ನೋಡಿ. ಒಂದೇ ಹಳ್ಳದ ಸುತ್ತ ಎಲ್ಲ ತರಹದ ಲೆಕ್ಕವೂ ಸಿಗುತ್ತೆ.

ಅಂಗಳದ ನೆಲಗಪ್ಪೆ ಮಣಿಸರದ ಹಾಗಿನ ಎಳೆಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಟ್ಟು ಹೊರಟುಹೋಗುತ್ತೆ. ಹಿಂದೆ ತಿರುಗಿಯೂ ನೋಡುವುದಿಲ್ಲ. ಹಸಿರು ಹಾರುಗಪ್ಪೆ ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ನೊರೆಯ ಗೂಡು ಕಟ್ಟುತ್ತೆ. ಅಲ್ಲಿ ಮೊಟ್ಟೆ ಕಡಿಮೆ, ಆದರೆ ಮೀನಿನ ಬಾಯಿಂದ ದೂರ. ಪೊದೆಗಪ್ಪೆಗಳು ಇನ್ನೂ ಮುಂದೆ ಹೋಗಿವೆ. ಬಾಲಮರಿ ಹಂತವೇ ಇಲ್ಲ. ಮೊಟ್ಟೆಯೊಳಗೇ ಎಲ್ಲ ಮುಗಿಸಿ ಪುಟ್ಟ ಕಪ್ಪೆಯೇ ಹೊರಬರುತ್ತೆ. ಅಷ್ಟು ಆಹಾರ ಮೊಟ್ಟೆಯಲ್ಲೇ ತುಂಬಬೇಕಲ್ಲ, ಹಾಗಾಗಿ ಮೊಟ್ಟೆ ದಪ್ಪ, ಸಂಖ್ಯೆ ಕೆಲವೇ ಕೆಲವು.

ನನಗೆ ಎಲ್ಲಕ್ಕಿಂತ ಇಷ್ಟ ಕುಂಬಾರ ಕಪ್ಪೆ. ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಅದನ್ನು ಹೊಸ ಜಾತಿ ಎಂದು ವಿವರಿಸಿದರು. ಜೋಗದ ಹತ್ತಿರದ ಕತ್ತಲೆಕಾನು ಕಾಡಿನ ಕಡೆಯ ತೊರೆಗಳಲ್ಲಿ ಇದೆ. ಹೆಣ್ಣು ನೀರಿನ ಮೇಲಿನ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸಿ ಹೋಗುತ್ತೆ. ಆಮೇಲೆ ಗಂಡು ತೊರೆಯ ತಳದಿಂದ ಮುಂಗೈಯಲ್ಲಿ ಕೆಸರು ತಂದು ಮೊಟ್ಟೆಗಳ ಮೇಲೆ ಮೆತ್ತುತ್ತೆ. ಅಷ್ಟು ದುಡಿಯುವ ಹೊತ್ತಿನಲ್ಲಿ ಅದು ಇನ್ನೊಂದು ಹೆಣ್ಣನ್ನು ಕರೆಯುತ್ತಾ ಕೂರಲು ಆಗುವುದಿಲ್ಲ. ಕೂಗುವುದಾ, ಕಾಯುವುದಾ? ಎರಡಕ್ಕೂ ಒಂದೇ ರಾತ್ರಿ ಇರುವುದು.

ಬೆಂಗಳೂರು ಮಲೆನಾಡಿಗ

ಕೆಸರು ಮೆತ್ತುವ ಕಪ್ಪೆ! ಇಷ್ಟು ವರ್ಷ ಜೋಗಕ್ಕೆ ಹೋಗಿ ಬರುತ್ತಿದ್ದೇನೆ, ಯಾರೂ ಹೇಳಿಲ್ಲ.

ಅಡಿಕೆಕೊನೆ, ಶೃಂಗೇರಿ

ಏಡಿಯನ್ನೂ ಸೇರಿಸಿ. ಗದ್ದೆ ಏಡಿ ಹಿಡಿದು ಹೊಟ್ಟೆ ಮಡಿಕೆ ಬಿಡಿಸಿದರೆ ಒಳಗೆ ಪುಟಾಣಿ ಏಡಿಮರಿಗಳು ತುಂಬಿಕೊಂಡಿರುತ್ತವೆ. ಕರಾವಳಿಯ ನೆಂಟರು ಅದನ್ನು ನೋಡಿ ಬೆರಗಾದರು. ಸಮುದ್ರದ ಏಡಿಯಲ್ಲಿ ಹಾಗಿಲ್ಲವಂತೆ.

ಕಾಡುಮಲ್ಲಿಗೆ

ಹೌದು. ಸಮುದ್ರದ ಏಡಿ ಲಕ್ಷಗಟ್ಟಲೆ ಸಣ್ಣ ಮೊಟ್ಟೆ ಇಡುತ್ತೆ. ಒಡೆದ ಮರಿ ಏಡಿಯ ಹಾಗೇ ಇರುವುದಿಲ್ಲ. ನೀರಲ್ಲಿ ತೇಲುತ್ತಾ ಹಲವು ಹಂತ ದಾಟಿ ಕೊನೆಗೆ ಏಡಿಯಾಗುತ್ತೆ. ಮಲೆನಾಡಿನ ತೊರೆಯಲ್ಲಿ ಹಾಗೆ ತೇಲಿದರೆ ಮಳೆಗಾಲದ ನೀರು ಸೀದಾ ಸಮುದ್ರಕ್ಕೆ ಕೊಂಡೊಯ್ಯುತ್ತೆ. ಅದಕ್ಕೇ ಸಿಹಿನೀರಿನ ಏಡಿಯಲ್ಲಿ ಮೊಟ್ಟೆ ಕಡಿಮೆ, ಆದರೆ ದಪ್ಪ. ಮರಿ ಏಡಿಯಾಗಿಯೇ ಹುಟ್ಟುತ್ತೆ, ತಾಯಿ ಹೊಟ್ಟೆಯಡಿ ಹೊತ್ತು ತಿರುಗುತ್ತಾಳೆ.

ಹಾಗಾಗಿ ಒಂದು ತಾಯಿ ಏಡಿಯನ್ನು ಸಾರು ಮಾಡಿದರೆ ಆ ಮರಿಗಳೂ ಅದರ ಜೊತೆಗೇ ಹೋದವು. ಏಡಿ ಹಿಡಿಯುವವರು ಮಡಿಕೆ ಬಿಡಿಸಿ ನೋಡಿ, ಮರಿ ಇದ್ದರೆ ಬಿಟ್ಟುಬಿಡಿ. ಅದಕ್ಕೆ ಅರ್ಧ ನಿಮಿಷವೂ ಬೇಡ.

ಕೂಣಿ, ಹೊಸನಗರ

ಮರಿ ಇರುವ ಏಡಿಯನ್ನು ನಾವು ಬಿಡುತ್ತೇವೆ. ನಮ್ಮ ಅಮ್ಮ ಅದನ್ನು ಒಲೆ ಹತ್ತಿರ ತರಲೂ ಬಿಡುತ್ತಿರಲಿಲ್ಲ.

ಸೊರಬದ ಸೊಪ್ಪು

ನಮ್ಮ ಕಡೆ ಒಂದು ಜೀವಿ ಇದೆ, ಅದನ್ನೂ ನೋಡಿ. ಉಣುಗು. ಮಂಗನ ಕಾಯಿಲೆ ಹರಡುವ ಉಣುಗು. 1957ರಲ್ಲಿ ಈ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹೆಣ್ಣು ಉಣುಗು ಕೊನೆಯ ಸಲ ಹೊಟ್ಟೆ ತುಂಬ ರಕ್ತ ಹೀರಿ ಕೆಳಗೆ ಬೀಳುತ್ತೆ. ದರಗಿನಲ್ಲಿ, ಅಂದರೆ ಉದುರಿದ ಒಣ ಎಲೆಯಲ್ಲಿ, ಒಂದೇ ಸಲ ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತೆ. ಒಂದೇ ಬಾರಿಯ ಬಾಳು.

ದರಗು ತರಲು ಕಾಡಿಗೆ ಹೋಗುವವರು ಇದನ್ನು ತಿಳಿದಿರಬೇಕು. ಮರಿ ಉಣುಗುಗಳು ಗುಂಪಾಗಿ ಎಲೆ ತುದಿಯಲ್ಲಿ ಕಾಯುತ್ತಾ ಇರುತ್ತವೆ. ಒಂದು ಎಲೆ ಸವರಿದರೆ ನೂರಾರು ಮೈಗೆ ಹತ್ತುತ್ತವೆ. ಎಣ್ಣೆ ಹಚ್ಚಿಕೊಳ್ಳದೆ, ಮೈ ಮುಚ್ಚುವ ಬಟ್ಟೆ ಇಲ್ಲದೆ ಹೋಗಬೇಡಿ.

ಬೆಂಗಳೂರು ಮಲೆನಾಡಿಗ

ಒಂದೇ ಸಲ ಹೆತ್ತು ಸಾಯುವುದು ಎಂದರೆ ಬಿದಿರಿನ ಹಾಗೆ. ಬಿದಿರು ಹೂ ಬಿಟ್ಟರೆ ಬರ ಬರುತ್ತೆ ಅಂತಾರಲ್ಲ, ಅದು ನಿಜವಾ?

ಹಳೇ ಮೇಷ್ಟ್ರು, ಸಾಗರ

ಮಳೆಗೂ ಬಿದಿರ ಹೂವಿಗೂ ಸಂಬಂಧ ಕಟ್ಟಬೇಕಿಲ್ಲ. ಹಸಿವು ಬೇರೆ ದಾರಿಯಲ್ಲಿ ಬರುತ್ತೆ. ಹೆಬ್ಬಿದಿರು ಸುಮಾರು 40ರಿಂದ 48 ವರ್ಷಕ್ಕೊಮ್ಮೆ ಇಡೀ ಸೀಮೆಯಲ್ಲಿ ಒಟ್ಟಿಗೆ ಹೂ ಬಿಟ್ಟು, ಬಿದಿರಕ್ಕಿ ಉದುರಿಸಿ ಒಣಗುತ್ತೆ. ಅಷ್ಟು ಅಕ್ಕಿ ನೆಲಕ್ಕೆ ಬಿದ್ದರೆ ಇಲಿ ಮಿತಿ ಮೀರಿ ಹೆಚ್ಚುತ್ತವೆ. ಬಿದಿರಕ್ಕಿ ಮುಗಿದ ಮೇಲೆ ಅವು ಗದ್ದೆಗೆ, ಕಣಜಕ್ಕೆ ನುಗ್ಗುತ್ತವೆ. ಮಿಜೋರಾಂನಲ್ಲಿ 1959ರ ಕ್ಷಾಮ ಹೀಗೇ ಬಂತು. ಅಲ್ಲಿನದು ಬೇರೆ ಜಾತಿಯ ಬಿದಿರು, 48 ವರ್ಷಕ್ಕೊಮ್ಮೆ ಹೂ ಬಿಡುತ್ತೆ. 2006–07ರಲ್ಲಿ ಮತ್ತೆ ಬಿಟ್ಟಿತು.

ಯಾಕೆ ಒಟ್ಟಿಗೆ? ಡೇನಿಯಲ್ ಜಾನ್ಜೆನ್ ಎಂಬ ವಿಜ್ಞಾನಿ 1976ರಲ್ಲಿ ಕೊಟ್ಟ ವಿವರಣೆ ನನಗೆ ಹಿಡಿಸುತ್ತೆ. ವರ್ಷವೂ ಸ್ವಲ್ಪ ಸ್ವಲ್ಪ ಬೀಜ ಬಿಟ್ಟರೆ ಇಲಿ, ಕಾಡುಕೋಳಿ, ಹಂದಿ ಎಲ್ಲವನ್ನೂ ಮುಗಿಸುತ್ತವೆ. ದೀರ್ಘಕಾಲ ಏನೂ ಕೊಡದೆ ಒಮ್ಮೆಲೇ ಸುರಿದರೆ ತಿನ್ನುವವರು ತಿಂದು ತಿಂದು ಸುಸ್ತಾದರೂ ಬೀಜ ಮಿಗುತ್ತೆ. ಅಮೆರಿಕದಲ್ಲಿ 13 ಮತ್ತು 17 ವರ್ಷಕ್ಕೊಮ್ಮೆ ನೆಲದಿಂದ ಏಳುವ ಜೀರುಂಡೆಗಳ ವಿಷಯದಲ್ಲೂ ಇದೇ ವಿವರಣೆ ಹೇಳುತ್ತಾರೆ. 2024ರಲ್ಲಿ ಅಂಥ ಎರಡು ದೊಡ್ಡ ತಂಡಗಳು ಒಟ್ಟಿಗೆ ಎದ್ದವು. ಅದಕ್ಕೆ ಹಿಂದೆ ಅವೆರಡೂ ಸೇರಿ ಎದ್ದಿದ್ದು 1803ರಲ್ಲಿ.

ಕೊಪ್ಪದ ತೋಟ

ಬಗನಿ ಮರ ಮರೆತಿರಾ? ಹತ್ತು ಹದಿನೈದು ವರ್ಷ, ಕೆಲವು ಇನ್ನೂ ಜಾಸ್ತಿ ಕಾಲ ಸುಮ್ನೆ ಬೆಳೆಯುತ್ತೆ. ಹೊಂಬಾಳೆ ಶುರುವಾಗುವುದು ತುದಿಯಿಂದ. ಆಮೇಲೆ ಒಂದೊಂದೇ ಕೆಳಗಿನ ಗಿಣ್ಣಿಗೆ ಇಳಿಯುತ್ತೆ. ಕೊನೆಯದು ಮುಗಿದ ಮೇಲೆ ಮರ ನಿಂತಲ್ಲೇ ಒಣಗುತ್ತೆ. ಅಷ್ಟು ವರ್ಷ ಕಾಂಡದಲ್ಲಿ ಕೂಡಿಟ್ಟ ಹಿಟ್ಟೆಲ್ಲ ಹೂವಿಗೂ ಕಾಯಿಗೂ ಹೋಯಿತು. ಬಗನಿ ಕಳ್ಳು ಇಳಿಸುವುದು ಎಂದರೆ ಮರ ಬೀಜಕ್ಕೆಂದು ಕಳಿಸಿದ ಸಕ್ಕರೆಯನ್ನು ನಡುದಾರಿಯಲ್ಲಿ ನಾವು ಪಡೆಯುವುದು.

ನನ್ನ ಕಾಫಿಯಲ್ಲಿ ಇದರ ಇನ್ನೊಂದು ರೂಪ ಇದೆ. ಅರೇಬಿಕಾ ಗಿಡ ಒಂದು ವರ್ಷ ಮೈತುಂಬ ಕಾಯಿ ಹಿಡಿದರೆ ಮರುವರ್ಷ ಖಾಲಿ. ಹಣ್ಣಿಗೆ ಬೇಕಾದಷ್ಟು ಸಕ್ಕರೆ ತಯಾರಿಸಲು ಎಲೆಗಳಿಗೆ ಆಗದಿದ್ದರೆ ಗಿಡ ಅದನ್ನು ರೆಕ್ಕೆ (ಅಂದರೆ ಕೊಂಬೆ), ಬೇರು ಎಲ್ಲದರಿಂದ ಎಳೆದುಕೊಳ್ಳುತ್ತೆ. ಆಗ ರೆಕ್ಕೆ ತುದಿಯಿಂದ ಒಣಗುತ್ತಾ ಬರುತ್ತೆ. ನೆರಳು ತೀರಾ ತೆಗೆದು ಗೊಬ್ಬರ ಹಾಕದೆ ಬಿಟ್ಟ ತೋಟದಲ್ಲಿ ಗಿಡವೇ ಹೋಗುತ್ತೆ. ಬಂಪರ್ ಬೆಳೆ ನೋಡಿ ಕುಣಿಯುವ ಹೊಸ ತೋಟದವರಿಗೆ ನಾನು ಹೇಳುವುದು ಒಂದೇ: ಆ ವರ್ಷವೇ ಗೊಬ್ಬರ ಜಾಸ್ತಿ ಹಾಕಿ, ಕಸಿ, ಅಂದರೆ ಕೊಂಬೆ ಸವರುವ ಕೆಲಸ, ಸರಿಯಾಗಿ ಮಾಡಿ.

ಅಡಿಕೆಕೊನೆ, ಶೃಂಗೇರಿ

ಅಪ್ಪೆಮಿಡಿ ಮರವೂ ಹಾಗೇ. ಒಂದು ವರ್ಷ ಚೀಲಗಟ್ಟಲೆ, ಮರುವರ್ಷ ಉಪ್ಪಿನಕಾಯಿ ಭರಣಿಗೂ ಸಾಲದು.

ಸೊರಬದ ಸೊಪ್ಪು

ಸಾಯುವ ಹಲಸಿನ ಮರ ಜಾಸ್ತಿ ಕಾಯಿ ಬಿಡುತ್ತೆ ಅಂತಾರೆ. ನಮ್ಮಲ್ಲಿ ಕಾಯಿ ಬಿಡದ ಮರಕ್ಕೆ ಕತ್ತಿಯಲ್ಲಿ ಕಚ್ಚು ಹಾಕುವುದೂ ಇದೆ.

ಕಾಡುಮಲ್ಲಿಗೆ

ಕಚ್ಚು ಹಾಕುವುದಕ್ಕೆ ಕಾರಣ ಇದೆ. ತೊಗಟೆ ಕತ್ತರಿಸಿದರೆ ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೆ ಇಳಿಯುವುದಿಲ್ಲ, ಮೇಲೇ ಉಳಿಯುತ್ತೆ. ಹೂವು ಕಾಯಿಗೆ ಅದು ಸಿಗುತ್ತೆ. ಬೇರು ಸೊರಗುತ್ತೆ. ವರ್ಷ ವರ್ಷ ಹಾಗೆ ಮಾಡಿದರೆ ಮರ ಕಳೆದುಕೊಳ್ಳುತ್ತೀರಿ.

ಪ್ರಾಣಿಗಳಲ್ಲೂ ಮರಿ ಸಾಕುವ ಖರ್ಚು ಮೈಮೇಲೆ ಬೀಳುತ್ತೆ. ನೆದರ್ಲೆಂಡ್ಸ್‌ನಲ್ಲಿ ಕೆಸ್ಟ್ರೆಲ್ ಎಂಬ ಸಣ್ಣ ಗಿಡುಗದ ಗೂಡಿಗೆ ಎರಡು ಮರಿ ಹೆಚ್ಚುವರಿ ಇಟ್ಟು ನೋಡಿದರು. ತಂದೆ ತಾಯಿ ದುಡಿದು ಅವನ್ನೂ ಸಾಕಿದವು. ಆದರೆ ಸತ್ತುಹೋದದ್ದು ವರದಿಯಾದ ಹಕ್ಕಿಗಳನ್ನು ಲೆಕ್ಕ ಹಾಕಿದಾಗ, ಹೆಚ್ಚು ಮರಿ ಸಾಕಿದವುಗಳಲ್ಲಿ ಶೇ. 60ರಷ್ಟು ಮುಂದಿನ ಚಳಿಗಾಲ ಮುಗಿಯುವ ಮೊದಲೇ ಸತ್ತಿದ್ದವು. ಉಳಿದ ಗೂಡುಗಳ ತಂದೆ ತಾಯಿಗಳಲ್ಲಿ ಅದು ಶೇ. 29. ನಮ್ಮ ಮಂಗಟ್ಟೆ ಹಕ್ಕಿಯನ್ನು ನೋಡಿ. ದೊಡ್ಡ ಮಂಗಟ್ಟೆಯ ಹೆಣ್ಣು ಪೊಟರೆಯೊಳಗೆ ಕೂತು ಅದರ ಬಾಯಿಯನ್ನು ಮೆತ್ತಿ ಮುಚ್ಚಿಕೊಳ್ಳುತ್ತೆ. ಸಣ್ಣ ಸೀಳಿನಿಂದ ಗಂಡು ತಿಂಗಳುಗಟ್ಟಲೆ ಹಣ್ಣು ಕೊಡುತ್ತೆ. ಕೊನೆಗೆ ಹಾರುವುದು ಸಾಮಾನ್ಯವಾಗಿ ಒಂದೇ ಮರಿ. ಪೊಟರೆ ಇರುವ ಒಂದು ಹಳೇ ಮರ ಕಡಿದರೆ ನಷ್ಟ ಎಷ್ಟು ಎಂದು ಯೋಚಿಸಿ.

ಕೂಣಿ, ಹೊಸನಗರ

ಹಕ್ಕಿ, ಕಾಫಿ, ಬಿದಿರು ಎಲ್ಲ ಆಯಿತು. ಮೀನಿಗೆ ಬನ್ನಿ. ದೊಡ್ಡ ಮೀನು ಹಿಡಿಯಿರಿ, ಸಣ್ಣದು ಬಿಡಿ ಎಂದು ಹೇಳುವುದನ್ನು ಕೇಳಿದ್ದೇನೆ. ಕಣ್ಣು ದೊಡ್ಡ ಬಲೆ ಹಾಕಿ ಅಂತಾರೆ. ಈಗ ನೀವು ದೊಡ್ಡ ಮೀನೇ ಮುಖ್ಯ ಅನ್ನುತ್ತಿದ್ದೀರಿ. ಯಾವುದನ್ನು ನಂಬುವುದು?

ಕಾಡುಮಲ್ಲಿಗೆ

ಎರಡೂ ಬೇಕು. ಒಮ್ಮೆಯೂ ಮೊಟ್ಟೆ ಇಡದ ಮರಿ ಮೀನನ್ನು ಬಿಡಬೇಕು. ತೀರಾ ದೊಡ್ಡ ಹೆಣ್ಣನ್ನೂ ಬಿಡಬೇಕು. ನಡುವಿನ ಗಾತ್ರದ್ದನ್ನು ಹಿಡಿಯಬಹುದು.

ಮೀನಿನ ಮೊಟ್ಟೆ ಅದರ ತೂಕಕ್ಕೆ ತಕ್ಕಂತೆ ಮಾತ್ರ ಏರುವುದಿಲ್ಲ, ಅದಕ್ಕಿಂತ ಜಾಸ್ತಿ ಏರುತ್ತೆ. ಅಟ್ಲಾಂಟಿಕ್ ಸಮುದ್ರದ ಕಾಡ್ ಮೀನಿನ ಲೆಕ್ಕ 2018ರಲ್ಲಿ ಬಂತು. 30 ಕಿಲೋದ ಒಂದು ಹೆಣ್ಣು ಇಡುವ ಮೊಟ್ಟೆ ತಲಾ 2 ಕಿಲೋದ 28 ಹೆಣ್ಣುಗಳದ್ದಕ್ಕಿಂತ ಜಾಸ್ತಿ. ಆ 28ರ ಒಟ್ಟು ತೂಕ 56 ಕಿಲೋ. ಚಿಬ್ಬಲಗುಡ್ಡೆಯಂಥ ಜಾಗಗಳ ಬೆಲೆ ಇರುವುದು ಇಲ್ಲೇ.

ಇನ್ನೊಂದು ವಿಷಯ. ದೊಡ್ಡದನ್ನೇ ಆರಿಸಿ ಹಿಡಿಯುತ್ತಾ ಹೋದರೆ ಮೀನೇ ಬದಲಾಗುತ್ತೆ. ದೊಡ್ಡದಾಗುವ ತನಕ ಕಾಯುವ ಮೀನು ಮೊಟ್ಟೆ ಇಡುವ ಮೊದಲೇ ಸಾಯುತ್ತೆ. ಚಿಕ್ಕದಿದ್ದಾಗಲೇ ಮೊಟ್ಟೆ ಇಡುವಂಥವು ಉಳಿಯುತ್ತವೆ. ಕೆನಡಾದ ಪೂರ್ವ ತೀರದ ಕಾಡ್ 1992ರಲ್ಲಿ ಕುಸಿದು ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಅದಕ್ಕೆ ಹಿಂದಿನ ವರ್ಷಗಳಲ್ಲೇ ಅಲ್ಲಿನ ಮೀನು ಮೊದಲಿಗಿಂತ ಎಳೆಯ ವಯಸ್ಸಿನಲ್ಲಿ, ಸಣ್ಣ ಗಾತ್ರದಲ್ಲಿ ಮೊಟ್ಟೆಗೆ ಬರುತ್ತಿತ್ತು.

ಬೆಂಗಳೂರು ಮಲೆನಾಡಿಗ

ವಿಕಾಸ ಎಂದರೆ ಲಕ್ಷಾಂತರ ವರ್ಷದ ಮಾತಲ್ವಾ? ನಮ್ಮ ಕಣ್ಣೆದುರೇ ಆಗುತ್ತಾ?

ಹಳೇ ಮೇಷ್ಟ್ರು, ಸಾಗರ

ಆಗುತ್ತೆ. ಟ್ರಿನಿಡಾಡ್ ದ್ವೀಪದ ಗಪ್ಪಿ ಮೀನಿನ ಪ್ರಯೋಗ ಓದಿ. ಅಲ್ಲಿಯೂ ನಮ್ಮ ಹಾಗೆ ಬೆಟ್ಟ, ತೊರೆ, ಅಬ್ಬಿ. ಅಬ್ಬಿಯ ಕೆಳಗೆ ದೊಡ್ಡ ಗಪ್ಪಿಗಳನ್ನು ತಿನ್ನುವ ಮೀನು ಇತ್ತು. ಮೇಲೆ ಅಂಥದ್ದು ಇರಲಿಲ್ಲ. ಕೆಳಗಿನ ಗಪ್ಪಿ ಬೇಗ ಪ್ರಾಯಕ್ಕೆ ಬಂದು ಸಣ್ಣ ಸಣ್ಣ ಮರಿಗಳನ್ನು ಜಾಸ್ತಿ ಹಾಕುತ್ತಿತ್ತು. 1976ರಲ್ಲಿ ಅವನ್ನು ಗಪ್ಪಿಯೇ ಇಲ್ಲದ ಮೇಲಿನ ನೀರಿಗೆ ಬಿಟ್ಟರು. 11 ವರ್ಷ ಕಳೆದ ಮೇಲೆ ನೋಡಿದರೆ ಮೇಲಿನವು ನಿಧಾನವಾಗಿ ಪ್ರಾಯಕ್ಕೆ ಬಂದು, ದೊಡ್ಡ ಮರಿಗಳನ್ನು ಕಡಿಮೆ ಸಂಖ್ಯೆಯಲ್ಲಿ ಹಾಕುತ್ತಿದ್ದವು. ಪ್ರಯೋಗಾಲಯದಲ್ಲಿ ಸಾಕಿದಾಗಲೂ ಆ ಗುಣ ಉಳಿಯಿತು, ಅಂದರೆ ತಲೆಮಾರಿಗೆ ಇಳಿದಿದೆ. ಡೇವಿಡ್ ರೆಜ್ನಿಕ್, ಜಾನ್ ಎಂಡ್ಲರ್ ತಂಡದ ಕೆಲಸ. 1990ರಲ್ಲಿ ಪ್ರಕಟವಾಯಿತು.

ಕಪ್ಪೆಗೂಡು

ಜಿಲೇಬಿ ಮೀನಿನಲ್ಲೂ ಇದೇ ಕಾಣುತ್ತಾ? ನಮ್ಮ ಕೆರೆಯಲ್ಲಿ ಅಂಗೈಯಷ್ಟೂ ಬೆಳೆಯುವುದಿಲ್ಲ, ಆಗಲೇ ಬಾಯಿ ತುಂಬ ಮರಿ.

ಕಾಡುಮಲ್ಲಿಗೆ

ಅದು ತಲೆಮಾರಿನ ಬದಲಾವಣೆಯೇ ಆಗಬೇಕಿಲ್ಲ. ಜಿಲೇಬಿ, ಅಂದರೆ ಟಿಲಾಪಿಯಾ, ಆಫ್ರಿಕ ಮೂಲದ ಮೀನು, 1952ರಲ್ಲಿ ನಮ್ಮ ದೇಶಕ್ಕೆ ಬಂತು. ಜಾಗ ಇಕ್ಕಟ್ಟಾಗಿ ಆಹಾರ ಕಡಿಮೆಯಾದರೆ ಅದೇ ಮೀನು ಬೆಳವಣಿಗೆ ನಿಲ್ಲಿಸಿ ಬೇಗ ಮರಿ ಮಾಡಲು ಶುರು ಮಾಡುತ್ತೆ. ಮೊಟ್ಟೆ ಕೆಲವು ನೂರು ಮಾತ್ರ, ಆದರೆ ತಾಯಿ ಬಾಯಲ್ಲಿಟ್ಟು ಕಾಯುತ್ತೆ, ವರ್ಷದಲ್ಲಿ ಹಲವು ಸಲ. ಮೊಟ್ಟೆಯ ಸಂಖ್ಯೆ ಒಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ ಎನ್ನುವುದು ಇದಕ್ಕೇ. ಲಕ್ಷ ಇಡುವ ಮೀನು ಕಡಿಮೆಯಾಗುತ್ತಾ ಇರಬಹುದು. ನೂರು ಇಡುವುದು ಕೆರೆ ತುಂಬಬಹುದು.

ಕೂಣಿ, ಹೊಸನಗರ

ಇಷ್ಟೆಲ್ಲ ಓದಿದ ಮೇಲೂ ಒಂದು ಮಾತು ಹೇಳಲೇಬೇಕು. ಮೀನು ಕಡಿಮೆಯಾಗಿದ್ದರೆ ಅದಕ್ಕೆ ನಮ್ಮ ಕೂಣಿ ಒಂದೇ ಕಾರಣವಾ? ಹತ್ತಿದ ಮೀನು ಮೊಟ್ಟೆ ಇಡಲು ಗದ್ದೆ ಎಲ್ಲಿದೆ? ನಮ್ಮ ಬಯಲಿನಲ್ಲಿ ಅರ್ಧಕ್ಕರ್ಧ ಅಡಿಕೆ ತೋಟ ಆಗಿದೆ. ಮಣ್ಣು ಹಾಕಿ ಎತ್ತರಿಸಿ, ಬಸಿಗಾಲುವೆ ತೆಗೆದು, ನೀರೇ ನಿಲ್ಲದ ಹಾಗೆ ಮಾಡಿದ್ದಾರೆ. ಕತ್ತಿ ಹಿಡಿದವನು ಹತ್ತು ಮೀನು ಕಡಿಯಬಹುದು. ಒಂದು ಗದ್ದೆ ಹೋದರೆ ಅಲ್ಲಿ ಒಡೆಯಬೇಕಾದ ಮೊಟ್ಟೆಗೆ ಜಾಗವೇ ಹೋಯಿತು.

ಅಡಿಕೆಕೊನೆ, ಶೃಂಗೇರಿ

ಎಲ್ಲದಕ್ಕೂ ಅಡಿಕೆಯವರನ್ನು ಬೈಯುವುದು ಸುಲಭ. ಭತ್ತದಲ್ಲಿ ಕೂಲಿಯೂ ಹುಟ್ಟುವುದಿಲ್ಲ. ನೀವು ಗದ್ದೆ ಮಾಡಿ ತೋರಿಸಿ.

ಕೂಣಿ, ಹೊಸನಗರ

ಮಾಡುತ್ತಿದ್ದೇನೆ ಮಾರಾಯ್ರೆ. ಗದ್ದೆ ಇರುವುದರಿಂದಲೇ ಮೀನಿನ ವಿಷಯ ಮಾತಾಡುತ್ತಿದ್ದೇನೆ.

ಕೊಪ್ಪದ ತೋಟ

ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನೂ ಮರೆಯಬೇಡಿ. ಮೈಲುತುತ್ತ ಎಂದರೆ ತಾಮ್ರ. ಮೀನಿಗೆ, ಕಪ್ಪೆಯ ಬಾಲಮರಿಗೆ ಅದು ವಿಷ. ನಾವು ಔಷಧಿ ಹೊಡೆಯುವುದೂ ಅವು ಮೊಟ್ಟೆ ಇಡುವುದೂ ಒಂದೇ ಕಾಲದಲ್ಲಿ. ಹೊಡೆಯಬೇಡಿ ಎನ್ನಲಾರೆ, ನಾನೂ ಅಡಿಕೆ ಇರುವವನು. ಆದರೆ ಡ್ರಮ್, ಪಂಪ್ ತೊಳೆದ ನೀರನ್ನು ಹಳ್ಳಕ್ಕೆ ಚೆಲ್ಲುವುದನ್ನಾದರೂ ನಿಲ್ಲಿಸಬಹುದು. ತೋಟದೊಳಗೇ ಒಂದು ಗುಂಡಿ ತೆಗೆದು ಸುರಿಯಿರಿ.

ಕಾಡುಮಲ್ಲಿಗೆ

ಕೂಣಿಯವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಮೊಟ್ಟೆ ಮತ್ತು ಮರಿ ಹಂತದ ಸಾವು ಜಾಸ್ತಿಯಾದರೆ ದೊಡ್ಡ ಮೀನನ್ನು ಎಷ್ಟು ಕಾಪಾಡಿದರೂ ಸಾಲದು. ಆದರೆ ಇದೇ ಕಾರಣಕ್ಕೆ ಬೇಟೆಯೂ ಈಗ ಮೊದಲಿಗಿಂತ ಭಾರ. ಅಜ್ಜನ ಕಾಲದಲ್ಲಿ ದೊಂದಿ ಹಿಡಿದು ನಾಲ್ಕು ಜನ ಹೋಗುತ್ತಿದ್ದರು, ಗದ್ದೆ ಊರಿಡೀ ಇತ್ತು. ಈಗ ಗದ್ದೆ ಕೆಲವೇ, ಹೆಡ್‌ಲೈಟ್ ಹತ್ತಾರು. ಹತ್ತುವ ದಾರಿ ಕಿರಿದಾಗಿದೆ, ಅದರ ಬಾಯಿಗೇ ಕೂಣಿ ಇಟ್ಟರೆ ಒಂದೂ ಮೇಲೆ ಹೋಗುವುದಿಲ್ಲ. ಗಜನೂರು, ಲಕ್ಕವಳ್ಳಿ, ಲಿಂಗನಮಕ್ಕಿ ಅಣೆಕಟ್ಟುಗಳು ದೊಡ್ಡ ಹೊಳೆಯ ದಾರಿಯನ್ನು ಮೊದಲೇ ಕಟ್ಟಿವೆ. ಉಳಿದಿರುವುದು ಈ ಸಣ್ಣ ಹಳ್ಳಗಳೇ.

ನನ್ನ ಕೋರಿಕೆ ಇಷ್ಟು. ಮೊದಲ ಏರು ನೀರಿನ ದಿನಗಳಲ್ಲಿ ಏನೂ ಹಿಡಿಯಬೇಡಿ. ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಅವರ ಹೊಟ್ಟೆಪಾಡೇ ಮೀನು, ಆದರೂ ನಿಲ್ಲಿಸುತ್ತಾರೆ.

ಮೋರಿ ಮೇಸ್ತ್ರಿ, ರಿಪ್ಪನ್‌ಪೇಟೆ

ರಸ್ತೆ ಕೆಲಸ ಮಾಡಿಸುವವನು ನಾನು. ಇಷ್ಟು ಮಾತಲ್ಲಿ ಯಾರೂ ಮೋರಿಯ ವಿಷಯ ಎತ್ತಲಿಲ್ಲ. ತೋಟಕ್ಕೆ ರಸ್ತೆ ಮಾಡುವಾಗ ಹಳ್ಳಕ್ಕೆ ಸಿಮೆಂಟ್ ಪೈಪ್ ಹಾಕುತ್ತಾರೆ. ನಾಲ್ಕು ಮಳೆಗಾಲ ಕಳೆದರೆ ಪೈಪಿನ ಕೆಳಬಾಯಿ ಹತ್ತಿರ ಮಣ್ಣು ಕೊಚ್ಚಿಹೋಗಿ ನೀರು ಎತ್ತರದಿಂದ ಬೀಳುತ್ತೆ. ಮೇಲೆ ಜಿಗಿಯಲಾರದ ಮೀನು ಅಲ್ಲೇ ಗುಂಡಿಯಲ್ಲಿ ಸೇರುತ್ತೆ. ಜನ ಬಂದು ಬುಟ್ಟಿಯಲ್ಲಿ ಮೊಗೆಯುತ್ತಾರೆ. ಅಲ್ಲಿ ಹಿಡಿಯದಿದ್ದರೂ ಮೀನಿಗೆ ಮುಂದೆ ದಾರಿಯಿಲ್ಲ.

ತುಂಗಾತೀರ, ತೀರ್ಥಹಳ್ಳಿ

ನಮ್ಮ ಗದ್ದೆ ಕೆಳಗಿನ ಮೋರಿ ಹೀಗೇ ಇದೆ. ಪೈಪಿನ ಬಾಯಿಂದ ಗುಂಡಿಯ ನೀರಿಗೆ ಮೊಣಕಾಲೆತ್ತರ ಅಂತರ. ಚಿಕ್ಕಪ್ಪ ಕಡಿಯುವುದೂ ಅಲ್ಲಿಯೇ. ಇದಕ್ಕೆ ಏನು ಮಾಡಬಹುದು ಅಣ್ಣ?

ಮೋರಿ ಮೇಸ್ತ್ರಿ, ರಿಪ್ಪನ್‌ಪೇಟೆ

ಪೈಪ್ ಕೀಳಬೇಕಿಲ್ಲ. ಗುಂಡಿಯ ಕೆಳಗಡೆ ಹಳ್ಳಕ್ಕೆ ಅಡ್ಡಲಾಗಿ ದೊಡ್ಡ ಕಲ್ಲುಗಳನ್ನು ಇಳಿಜಾರಾಗಿ ಜೋಡಿಸಿ. ಒಂದೇ ಕಟ್ಟೆ ಎತ್ತರ ಮಾಡಬೇಡಿ, ಅದೇ ಇನ್ನೊಂದು ಅಡ್ಡಿ ಆಗುತ್ತೆ. ಎರಡು ಮೂರು ಮೆಟ್ಟಿಲು ಮಾಡಿ, ಒಂದೊಂದೂ ಗೇಣಿಗಿಂತ ಕಡಿಮೆ ಇರಲಿ. ಗುಂಡಿಯ ನೀರು ಏರಿ ಪೈಪಿನ ಬಾಯಿ ಮುಟ್ಟಬೇಕು. ಸಿಮೆಂಟ್ ಬೇಡ, ಕಲ್ಲಿನ ಸಂದಿಯಲ್ಲಿ ಸಣ್ಣ ಮೀನು ನುಸುಳುತ್ತೆ. ಹೊಸ ಪೈಪ್ ಹಾಕುವವರು ಅದರ ತಳವನ್ನು ಹಳ್ಳದ ಮಟ್ಟಕ್ಕಿಂತ ಕೆಳಗೆ ಹೂತು ಹಾಕಿಸಿ. ಒಳಗೆ ಮರಳು, ಕಲ್ಲು ತುಂಬಿಕೊಂಡು ನೀರಿನ ವೇಗ ತಗ್ಗುತ್ತೆ.

ಹಳೇ ಮೇಷ್ಟ್ರು, ಸಾಗರ

ಇದನ್ನು ಪಂಚಾಯ್ತಿ ಸಭೆಯಲ್ಲಿ ಹೇಳಬೇಕು. ಗ್ರಾಮೀಣ ಉದ್ಯೋಗ ಯೋಜನೆಯ ಕೆಲಸದಲ್ಲಿ ಸೇರಿಸಲು ಬರುತ್ತಾ ಎಂದು ಪಿಡಿಒ ಅವರನ್ನು ಕೇಳುತ್ತೇನೆ.

ಕೂಣಿ, ಹೊಸನಗರ

ನಮ್ಮ ಹಳ್ಳದಲ್ಲಿ ಇಂಥ ಎರಡು ಮೋರಿ ಇವೆ. ಕಲ್ಲು ನನ್ನ ಟ್ರ್ಯಾಕ್ಟರಿನಲ್ಲೇ ತರುತ್ತೇನೆ. ಆದರೆ ಮಳೆ ಇಳಿದ ಮೇಲೆ. ಈಗ ಅಲ್ಲಿಗೆ ಇಳಿದರೆ ಕಾಲು ನಿಲ್ಲುವುದಿಲ್ಲ. ಮೇಸ್ತ್ರಿಗಳೇ, ದಸರಾ ಹೊತ್ತಿಗೆ ಒಮ್ಮೆ ಬಂದು ಮಟ್ಟ ನೋಡಿ ಕೊಡುತ್ತೀರಾ?

ಮೋರಿ ಮೇಸ್ತ್ರಿ, ರಿಪ್ಪನ್‌ಪೇಟೆ

ಬರುತ್ತೇನೆ. ಅಷ್ಟರಲ್ಲಿ ಪೈಪಿನ ಅಗಲ, ಗುಂಡಿಯ ಆಳ ಅಳೆದು ಇಲ್ಲೇ ಹಾಕಿ. ಎಷ್ಟು ಲೋಡ್ ಕಲ್ಲು ಬೇಕು ಹೇಳುತ್ತೇನೆ.